ಸಿಂಹಕ್ಕೆ ಬಂದ ಸಮನ್ಸ್

ಗುಲಾಬಿ ಬಣ್ಣದ ಒಂದು ಬೆಟ್ಟದ ಸಿಂಹ. ಕೊರಳಿಗೆ ಬಿಳಿ ಕಾಲರು, ಅದಕ್ಕೊಂದು ಬಿಲ್ಲಿನಾಕಾರದ ಟೈ, ಮುಂಗೈಗೆ ಕಫ್ಫು. ಮೈಮೇಲೆ ಅಂಗಿ ಮಾತ್ರ ಇಲ್ಲ. ಕಂಪನಿ ನಾಟಕದ ನಟನ ಹಾಗೆ ಕೈ ಬೀಸಿ ದೊಡ್ಡ ದೊಡ್ಡ ಮಾತಾಡುತ್ತದೆ. ಅಪಾಯ ಹತ್ತಿರ ಬಂದ ಕೂಡಲೇ ತಾನು ರಂಗದಿಂದ ನಿರ್ಗಮಿಸುತ್ತಿದ್ದೇನೆಂದು ತಾನೇ ಸಾರಿ ಓಟ ಕೀಳುತ್ತದೆ. ಹೆಸರು ಸ್ನ್ಯಾಗಲ್‌ಪಸ್. ಅಮೆರಿಕದ ಹ್ಯಾನಾ-ಬಾರ್ಬೆರಾ ಸಂಸ್ಥೆ 1959ರಲ್ಲಿ ಟಿವಿಗಾಗಿ ಸೃಷ್ಟಿಸಿದ ಪ್ರಾಣಿ. ಕೇಬಲ್ ಟಿವಿ ಬಂದ ಮೇಲೆ ಇದೇ ಸಂಸ್ಥೆಯ ಕರಡಿ, ನಾಯಿ, ಕುದುರೆಗಳೆಲ್ಲ ನಮ್ಮ ಕಡೆಗೂ ಬಂದವು. ಆಗಿನ ಬಿಜಾಪುರದ ಬಂಧುಗಳ ಮನೆಯಲ್ಲಿ ಮಕ್ಕಳ ಜೊತೆ ಕುಳಿತು ನಾವೂ ಅವನ್ನು ನೋಡಿ ನಕ್ಕವರೇ.

ಆ ಸಿಂಹವನ್ನು ಮತ್ತೆ ನಮ್ಮ ಕೈಗೆ ತಂದುಕೊಟ್ಟವನು ಪುಣೆಯಲ್ಲಿ ಕೆಲಸ ಮಾಡುವ ನಮ್ಮ ತಂಗಿಯ ಮಗ. ಚಿತ್ರಪುಸ್ತಕ ಕೊಡುತ್ತ ಅವನು ಹೇಳಿದ ಮಾತು ಇಷ್ಟೇ: "ಮಾಮು, ಇದನ್ನ ಓದ್ರಿ. ಆದ್ರ ಸಣ್ಣ ಮಕ್ಕಳ ಕೈಗೆ ಕೊಡಬ್ಯಾಡ್ರಿ."

2018ರ ಜನವರಿಯಿಂದ ಆರು ತಿಂಗಳು, ಆರು ಸಂಚಿಕೆಗಳಲ್ಲಿ ಡಿಸಿ ಕಾಮಿಕ್ಸ್ ಪ್ರಕಟಿಸಿದ ಕತೆ ಇದು. ಬರೆದವರು ಮಾರ್ಕ್ ರಸೆಲ್, ಚಿತ್ರ ಬರೆದವರು ಮೈಕ್ ಫೀಹನ್. ಇಲ್ಲಿ ನಮ್ಮ ಸಿಂಹ 1953ರ ನ್ಯೂಯಾರ್ಕಿನ ಹೆಸರಾಂತ ನಾಟಕಕಾರ. ದಕ್ಷಿಣದ ಮಿಸಿಸಿಪಿಯಿಂದ ಬಂದವನು. ಕೈಯಲ್ಲಿ ಸಿಗರೇಟು, ಮೈಮೇಲೆ ಒಳ್ಳೆಯ ಉಡುಪು, ಮುಖದಲ್ಲಿ ಬಳಲಿದ ನಗೆ. ಸುತ್ತಲಿನವರು ಹೆಚ್ಚಿನಂಶ ಮನುಷ್ಯರು. ಸಿಂಹ ಅವರ ನಡುವೆ ಓಡಾಡಿದರೆ ಯಾರಿಗೂ ಆಶ್ಚರ್ಯವಿಲ್ಲ. ನೀಲಿ ನಾಯಿ ಹಕಲ್‌ಬೆರಿ ಹೌಂಡ್ ಅವನ ಬಾಲ್ಯದ ಗೆಳೆಯ, ಕಾದಂಬರಿಕಾರ. ಟಿವಿಯಲ್ಲಿ ಪೆದ್ದು ಶೆರೀಫನಾಗಿದ್ದ ಕುದುರೆ ಕ್ವಿಕ್ ಡ್ರಾ ಮೆಕ್‌ಗ್ರಾ ಇಲ್ಲಿ ಪೊಲೀಸ್. ಸಿಂಹಕ್ಕೆ ಮನೆಯಲ್ಲಿ ಹೆಂಡತಿಯಿದ್ದಾಳೆ. ಆದರೆ ಅವನ ಮನಸ್ಸು ಒಬ್ಬ ಗಂಡಸಿನ ಕಡೆಗೆ. ಆ ಕಾಲದ ಅಮೆರಿಕದಲ್ಲಿ ಅದು ಬಯಲಾದರೆ ಬದುಕು ಮುಗಿದ ಹಾಗೆ. ಅವನಿಗೆ ಸಂಸತ್ತಿನ ಒಂದು ಸಮಿತಿಯಿಂದ ಸಮನ್ಸ್ ಬರುತ್ತದೆ.

ಆ ಸಮಿತಿ ಕಟ್ಟುಕತೆಯದಲ್ಲ. 'ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿ' 1938ರಲ್ಲಿ ಹುಟ್ಟಿ 1975ರವರೆಗೆ ಉಳಿಯಿತು. 1947ರಲ್ಲಿ ಅದು ಹಾಲಿವುಡ್ಡಿನ ಬರಹಗಾರರನ್ನು, ನಿರ್ದೇಶಕರನ್ನು ಕರೆಸಿತು. ನೀನು ಕಮ್ಯುನಿಸ್ಟನೋ, ಹಿಂದೆಂದಾದರೂ ಆಗಿದ್ದೆಯೋ ಎಂಬುದು ಮೊದಲ ಪ್ರಶ್ನೆ. ಉತ್ತರಿಸಲು ಒಪ್ಪದ ಹತ್ತು ಮಂದಿ ಜೈಲಿಗೆ ಹೋದರು. ಹೆಸರು ಕಪ್ಪುಪಟ್ಟಿಗೆ ಸೇರಿದವರಿಗೆ ವರ್ಷಗಟ್ಟಲೆ ಕೆಲಸ ಸಿಗಲಿಲ್ಲ. ನಾಟಕಕಾರ ಆರ್ಥರ್ ಮಿಲ್ಲರ್ 1956ರಲ್ಲಿ ಸಮಿತಿಯ ಮುಂದೆ ತನ್ನ ಬಗ್ಗೆ ಹೇಳಲು ಒಪ್ಪಿದ, ಇತರರ ಹೆಸರು ಹೇಳಲು ಒಪ್ಪಲಿಲ್ಲ. ಅದಕ್ಕಾಗಿ 1957ರಲ್ಲಿ ಅಪರಾಧಿ ಎನಿಸಿಕೊಂಡ. ಮರುವರ್ಷ ಮೇಲಿನ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ನಮ್ಮ ಹಳ್ಳಿಗಳೂ ಬಲ್ಲ ಚಾರ್ಲಿ ಚಾಪ್ಲಿನ್ 1952ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೊರಟಾಗ, ಮರಳಿ ಬರುವ ಪರವಾನಿಗೆಯನ್ನೇ ಅಮೆರಿಕ ಸರಕಾರ ರದ್ದು ಮಾಡಿತು. ಇದೆಲ್ಲದರ ಜೊತೆಗೆ 1953ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಒಂದು ಆದೇಶದ ಬಲದಿಂದ ಸಲಿಂಗಿಗಳೆಂಬ ಸಂಶಯಕ್ಕೆ ಗುರಿಯಾದ ಸರಕಾರಿ ನೌಕರರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ಗುಟ್ಟು ಇದ್ದವನನ್ನು ಶತ್ರು ಬೆದರಿಸಬಹುದು, ಆದ್ದರಿಂದ ಗುಟ್ಟು ಇದ್ದವನು ದೇಶಕ್ಕೆ ಅಪಾಯ: ಇದು ವಾದ. ಬೆದರಿಸುವ ಕೆಲಸವನ್ನು ಶತ್ರುವಿಗಿಂತ ಮೊದಲು ಸರಕಾರವೇ ಮಾಡಿತು.

ಕಾಮಿಕ್ಸಿನಲ್ಲಿ ಸಮಿತಿಗೆ ಬೇಕಾದದ್ದು ಸಿಂಹದ ತಲೆಯಷ್ಟೇ ಅಲ್ಲ. ಅವನು ಮಣಿದರೆ ಉಳಿದವರೆಲ್ಲ ಮಣಿಯುತ್ತಾರೆಂಬ ಲೆಕ್ಕಾಚಾರ. ಅವನು ಸುಲಭಕ್ಕೆ ಬಗ್ಗದಿದ್ದಾಗ ಅವನ ಗೆಳೆಯರ ಬೆನ್ನು ಹತ್ತುತ್ತಾರೆ. ಹಕಲ್‌ಬೆರಿಯ ಗುಟ್ಟು ಬಯಲಾಗುತ್ತದೆ, ಆ ನಾಯಿ ತನ್ನ ಪ್ರಾಣ ತಾನೇ ಕಳೆದುಕೊಳ್ಳುತ್ತದೆ. ಟಿವಿಯಲ್ಲಿ ಇದೇ ನಾಯಿ ಬೆಟ್ಟದಿಂದ ಬಿದ್ದರೂ ಮೈ ಕೊಡವಿಕೊಂಡು ಏಳುತ್ತಿತ್ತು. ಇಲ್ಲಿ ಏಳುವುದಿಲ್ಲ. ಸಿಂಹ ಸಮಿತಿಯ ಮುಂದೆ ತಲೆ ತಗ್ಗಿಸದೆ ಮಾತಾಡಿ, ನಾಟಕದ ಜಗತ್ತನ್ನೇ ಕಳೆದುಕೊಳ್ಳುತ್ತಾನೆ. ಕೊನೆಗೆ ಅವನು ಹೋಗಿ ಸೇರುವುದು ಮಕ್ಕಳ ಟಿವಿ ಕಾರ್ಟೂನಿಗೆ. ಅಂದರೆ ನಾವು ನೋಡಿ ನಕ್ಕಿದ್ದ ಆ ತಮಾಷೆಯ ಸಿಂಹ ಬದುಕಿನಿಂದ ಹೊರದಬ್ಬಿಸಿಕೊಂಡ ಒಬ್ಬ ಲೇಖಕ ಎಂದು ಈ ಕತೆ ಹೇಳುತ್ತದೆ.

ಇಲ್ಲಿಯವರೆಗೆ ಬರೆದದ್ದನ್ನು ಓದುಗರು ಗಮನಿಸಿರಬಹುದು. ಮೊದಲ ಪ್ಯಾರಾದಲ್ಲಿ ಸಿಂಹ 'ಅದು', ಮುಂದೆ 'ಅವನು'. ಕನ್ನಡದಲ್ಲಿ ಪ್ರಾಣಿಗೆ 'ಅದು', ಮನುಷ್ಯನಿಗೆ 'ಅವನು', 'ಅವಳು'. ನಮ್ಮ ಮನೆಮಾತಾದ ಉರ್ದುವಿನಲ್ಲಿ ಎಲ್ಲರಿಗೂ ಒಂದೇ 'ವೋ'. ನರಿಗೂ ಅದೇ, ನವಾಬನಿಗೂ ಅದೇ. ಎರಡು ಭಾಷೆಯಲ್ಲಿ ಕಲಿತವರಿಗೆ ಈ ವ್ಯತ್ಯಾಸ ಆಗಾಗ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಪ್ರಾಣಿಯ ಕತೆ ಬರೆಯುವವನು ಒಂದು ಗಡಿ ದಾಟಬೇಕಾಗುತ್ತದೆ, ದಾಟಿದ್ದು ಓದುಗನಿಗೆ ತಿಳಿಯುತ್ತದೆ. 'ಅದು' ಯಾವ ಸಾಲಿನಲ್ಲಿ 'ಅವನು' ಆಯಿತು ಎಂಬುದನ್ನು ಹುಡುಕಿದರೆ ಆ ಕತೆಯ ಕರುಳು ಸಿಗುತ್ತದೆ.

ಕನಮಡಿ ಗಡಿಯ ಊರು. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಮಹಾರಾಷ್ಟ್ರದ ಜತ್ತ ತಾಲೂಕು. ಅಲ್ಲೂ ಕನ್ನಡ, ಇಲ್ಲೂ ಮರಾಠಿ. ನಾವು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಕಲಿತವರು. ಉರ್ದು ಪಾಠದಲ್ಲಿ ಇಕ್ಬಾಲರು ಮಕ್ಕಳಿಗೆಂದು ಬರೆದ ಜೇಡ ಮತ್ತು ನೊಣ ಬಂದವು. ಕನ್ನಡ ಪಾಠದಲ್ಲಿ ಪುಣ್ಯಕೋಟಿ ಬಂದಳು. ಎರಡೂ ಕಡೆ ಸಿಕ್ಕ ಒಂದು ಕತೆ ಮಾತ್ರ ಸಿಂಹ, ಎತ್ತು ಮತ್ತು ನರಿಯದು. ಉರ್ದುವಿನಲ್ಲಿ ನರಿಗಳ ಹೆಸರು ಕಲೀಲಾ, ದಿಮ್ನಾ. ಕನ್ನಡದಲ್ಲಿ ಕರಟಕ, ದಮನಕ. ಹೆಸರು ಎರಡು ಬಾರಿ ಉಚ್ಚರಿಸಿ ನೋಡಿದರೆ ಸಾಕು, ಒಂದೇ ತಾಯಿಯ ಮಕ್ಕಳೆಂದು ಗೊತ್ತಾಗುತ್ತದೆ.

ಪಂಚತಂತ್ರ ಸಂಸ್ಕೃತದಿಂದ ಪಹ್ಲವಿಗೆ ಹೋಯಿತು. ಅಲ್ಲಿಂದ ಎಂಟನೆಯ ಶತಮಾನದ ನಡುವಿನಲ್ಲಿ ಇಬ್ನುಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಂದ. ಕನ್ನಡದಲ್ಲಿ ಸುಮಾರು 1031ರಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹ ಅದನ್ನು ಬರೆದ. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಪಾರಸಿಯಲ್ಲಿ ಮತ್ತೆ ಬರೆದ. ಅದರಿಂದ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಉರ್ದುವಿಗೆ ಬಂತು. ಇಷ್ಟು ಭಾಷೆ ದಾಟಿದರೂ ಕತೆಯ ಮೂಳೆ ಬದಲಾಗಲಿಲ್ಲ. ವ್ಯಾಪಾರಿಯೊಬ್ಬ ದಾರಿಯಲ್ಲಿ ಬಿಟ್ಟುಹೋದ ಎತ್ತೊಂದು ಕಾಡಿಗೆ ಬರುತ್ತದೆ. ಮಾಂಸ ತಿನ್ನುವವರ ನಡುವೆ ಹುಲ್ಲು ತಿನ್ನುವ ಒಂದೇ ಪ್ರಾಣಿ. ಸಿಂಹರಾಜನಿಗೆ ಅದರ ಸ್ನೇಹವಾಗುತ್ತದೆ. ಅದನ್ನು ಕಂಡು ಹೊಟ್ಟೆ ಉರಿದ ನರಿ ಸಿಂಹದ ಕಿವಿಯಲ್ಲಿ ಎತ್ತು ನಿನಗೆ ದ್ರೋಹ ಬಗೆಯುತ್ತಿದೆ ಎಂದು ಊದುತ್ತದೆ; ಎತ್ತಿನ ಕಿವಿಯಲ್ಲಿ ಸಿಂಹ ನಿನ್ನನ್ನು ತಿನ್ನಲಿದೆ ಎಂದು ಊದುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದ ಕ್ಷಣ, ನರಿ ಹೇಳಿದ ಸುಳ್ಳೆಲ್ಲ ನಿಜದ ಹಾಗೆ ಕಾಣುತ್ತದೆ. ಎತ್ತು ಸಾಯುತ್ತದೆ.

ಜಗತ್ತಿನ ಅತಿ ಹೆಚ್ಚು ಊರು ಸುತ್ತಿದ ಈ ಪ್ರಾಣಿಕತೆ ಶುರುವಾಗುವುದೇ ಚಾಡಿಯಿಂದ. ನಮ್ಮ ಕಡೆ ಕನ್ನಡದವರು ಚಾಡಿ ಎನ್ನುತ್ತಾರೆ, ನಾವು ಚುಗಲಿ ಎನ್ನುತ್ತೇವೆ, ಪಾಪ ಒಂದೇ. ಹೊರಗಿನಿಂದ ಬಂದವನು, ಆಹಾರ ಬೇರೆ, ಕೂಗು ಬೇರೆ. ಅವನ ನಿಷ್ಠೆಯನ್ನು ಸಂಶಯಿಸುವುದು ಎಷ್ಟು ಸುಲಭ! ಎತ್ತಿನ ಜಾಗದಲ್ಲಿ 1953ರ ನಾಟಕಕಾರನನ್ನು ನಿಲ್ಲಿಸಿದರೆ ರಸೆಲ್ ಅವರ ಕಾಮಿಕ್ಸು. ಬೇರೆ ಯಾರನ್ನು ನಿಲ್ಲಿಸಬಹುದೆಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಇಬ್ನುಲ್ ಮುಕಫ್ಫಾನ ಅರಬ್ಬಿ ಪುಸ್ತಕದಲ್ಲಿ ಪಂಚತಂತ್ರದಲ್ಲಿಲ್ಲದ ಒಂದು ಅಧ್ಯಾಯವಿದೆ: ದಿಮ್ನಾನ ವಿಚಾರಣೆ. ಅದನ್ನು ಅವನೇ ಸೇರಿಸಿದ್ದೆಂದು ವಿದ್ವಾಂಸರ ಅಭಿಪ್ರಾಯ. ಎತ್ತನ್ನು ಕೊಂದ ಮೇಲೆ ಸಿಂಹಕ್ಕೆ ಪಶ್ಚಾತ್ತಾಪವಾಗುತ್ತದೆ. ಚಾಡಿ ಹೇಳಿದ ದಿಮ್ನಾನನ್ನು ನ್ಯಾಯಾಲಯಕ್ಕೆ ತರುತ್ತಾರೆ. ಅವನ ಅಪರಾಧ ಕಾಡಿಗೆಲ್ಲ ಗೊತ್ತು. ಆದರೂ ಸಾಕ್ಷಿಯಿಲ್ಲದೆ ಶಿಕ್ಷೆಯಿಲ್ಲ. ಅವನು ತನ್ನ ವಾದ ತಾನೇ ಮಂಡಿಸುತ್ತಾನೆ, ಎಲ್ಲರೂ ಕೇಳಬೇಕಾಗುತ್ತದೆ. ಇಬ್ಬರು ಸಾಕ್ಷಿ ಮುಂದೆ ಬಂದ ಮೇಲೆಯೇ ತೀರ್ಪು. ಎತ್ತಿಗೆ ಸಿಗದ ವಿಚಾರಣೆ ಅದನ್ನು ಕೊಲ್ಲಿಸಿದ ನರಿಗೂ ಸಿಗಬೇಕೆಂದು ಆ ಲೇಖಕನಿಗೆ ಅನ್ನಿಸಿರಬೇಕು. ಅವನಿಗೆ ಮಾತ್ರ ಅಂಥದ್ದು ಸಿಗಲಿಲ್ಲ. ಖಲೀಫ ಅಲ್-ಮನ್ಸೂರನ ಕಾಲದಲ್ಲಿ, ಇನ್ನೂ ನಡುವಯಸ್ಸು ದಾಟುವ ಮೊದಲೇ, ಬಸ್ರಾದಲ್ಲಿ ಅವನನ್ನು ಕ್ರೂರವಾಗಿ ಕೊಂದರು. ನರಿಯ ಬಾಯಲ್ಲಿ ರಾಜನಿಗೆ ಬುದ್ಧಿ ಹೇಳಿದರೂ ರಾಜನಿಗೆ ಬರೆದವನ ವಿಳಾಸ ಗೊತ್ತಿರುತ್ತದೆ.

ಪ್ರಾಣಿಯ ಮುಖವಾಡ ಲೇಖಕನನ್ನು ಕಾಪಾಡುತ್ತದೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಚರಿತ್ರೆ ಅಷ್ಟು ಭರವಸೆ ಕೊಡುವುದಿಲ್ಲ. ಹಾಗಿದ್ದರೂ ಲೇಖಕರು ಮತ್ತೆ ಮತ್ತೆ ಪ್ರಾಣಿಗಳ ಕಡೆಗೇ ಹೋಗುತ್ತಾರೆ. ಅದಕ್ಕೆ ಬೇರೆ ಕಾರಣವಿದೆ ಎಂದು ನಮಗೆ ತೋರುತ್ತದೆ.

ಮನುಷ್ಯನನ್ನು ಪ್ರಾಣಿ ಮಾಡುವವರು ಕತೆಗಾರರಷ್ಟೇ ಅಲ್ಲ. ಹಿಂಸೆ ಮಾಡಲು ಹೊರಟವರೂ ಮೊದಲು ಅದೇ ಕೆಲಸ ಮಾಡುತ್ತಾರೆ. ನಾಜಿಗಳು ಯಹೂದಿಗಳನ್ನು ಇಲಿ, ಹೆಗ್ಗಣ ಎಂದು ಚಿತ್ರಿಸಿದರು. 1994ರ ರುವಾಂಡಾದಲ್ಲಿ ರೇಡಿಯೋ ತುತ್ಸಿಗಳನ್ನು ಜಿರಲೆಗಳೆಂದು ಕರೆಯಿತು. ನೂರು ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. ನಮ್ಮ ದೇಶದಲ್ಲೂ 2018ರ ರಾಜಕೀಯ ಭಾಷಣಗಳಲ್ಲಿ ನುಸುಳುಕೋರರೆಂದು ಕೆಲವರನ್ನು ಗೆದ್ದಲಿಗೆ ಹೋಲಿಸಿದ್ದನ್ನು ಕೇಳಿದ್ದೇವೆ. ಗೆದ್ದಲಿಗೆ ವಕೀಲರಿಲ್ಲ. ಜಿರಲೆಗೆ ತಾಯಿಯಿದ್ದಾಳೆಂದು ಯಾರೂ ಯೋಚಿಸುವುದಿಲ್ಲ. 'ಅವನು' ಎಂಬುದನ್ನು 'ಅದು' ಮಾಡಿದ ಮೇಲೆ ಉಳಿದದ್ದು ಬರೀ ಔಷಧಿ ಹೊಡೆಯುವ ಕೆಲಸ.

ಕತೆಗಾರ ಇದೇ ದಾರಿಯಲ್ಲಿ ತಿರುಗಿ ನಡೆಯುತ್ತಾನೆ. ಆರ್ಟ್ ಸ್ಪೀಗಲ್‌ಮನ್ ತನ್ನ ತಂದೆ ಆಶ್‌ವಿಟ್ಜ್ ಶಿಬಿರದಲ್ಲಿ ಬದುಕುಳಿದ ಕತೆಯನ್ನು 'ಮೌಸ್' ಎಂಬ ಕಾಮಿಕ್ಸಿನಲ್ಲಿ ಹೇಳಿದ. ಅದರ ಎರಡು ಭಾಗಗಳು 1986 ಮತ್ತು 1991ರಲ್ಲಿ ಪುಸ್ತಕವಾಗಿ ಬಂದವು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಅದರಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. ವೈರಿಗಳು ಬೈಗುಳವಾಗಿ ಕೊಟ್ಟ ಇಲಿಯ ಮುಖವನ್ನೇ ಎತ್ತಿಕೊಂಡು ಅದಕ್ಕೆ ಮಗ, ಹೆಂಡತಿ, ಮುಪ್ಪು, ಜಿಪುಣತನ, ಸಿಟ್ಟು ಎಲ್ಲವನ್ನೂ ಕೊಟ್ಟ. ಹತ್ತು ಪುಟ ಓದುವುದರೊಳಗೆ ಇಲಿ ಮರೆತುಹೋಗುತ್ತದೆ. ಆ ಪುಸ್ತಕವನ್ನೂ 2022ರಲ್ಲಿ ಅಮೆರಿಕದ ಟೆನೆಸಿಯ ಒಂದು ಜಿಲ್ಲೆಯ ಶಾಲಾ ಮಂಡಳಿ ಪಠ್ಯದಿಂದ ತೆಗೆದುಹಾಕಿತು.

ನಮ್ಮ ಊರುಗಳ ಮೊಹರಮ್ಮಿನಲ್ಲಿ ಹುಲಿವೇಷ ಹಾಕುವ ರೂಢಿ ಓದುಗರಿಗೆ ಗೊತ್ತು. ಹರಕೆ ಹೊತ್ತ ಮನೆಯ ಹುಡುಗ ಮೈಗೆ ಹಳದಿ ಬಣ್ಣ, ಕಪ್ಪು ಪಟ್ಟೆ ಬಳಿದುಕೊಂಡು ಹಲಿಗೆಯ ಸಪ್ಪಳಕ್ಕೆ ಕುಣಿಯುತ್ತಾನೆ. ನಾವು ಸಣ್ಣವರಿದ್ದಾಗ ಕಂಡ ಹುಲಿಗಳಲ್ಲಿ ಹೆಚ್ಚಿನವರು ಕನ್ನಡ ಮಾತಾಡುವ ಹಿಂದೂ ಮನೆಗಳ ಹುಡುಗರು. ಬಣ್ಣ ಬಳಿದ ಮೇಲೆ ಇವನು ಯಾರ ಪೈಕಿ ಎಂದು ಯಾರೂ ಕೇಳುತ್ತಿರಲಿಲ್ಲ. ಅಲಾಯಿ ಕುಣಿಯ ಮುಂದೆ ಅದು ಹುಲಿ, ಅಷ್ಟೇ. ಪ್ರಾಣಿಕತೆ ಓದುಗನಿಗೆ ಮಾಡುವ ಉಪಕಾರವೂ ಇದೇ. ಮನುಷ್ಯನ ಕತೆ ತೆರೆದ ಕೂಡಲೇ ನಮ್ಮ ಕಣ್ಣು ಹೆಸರು ನೋಡುತ್ತದೆ. ರಹೀಮನೋ ರಾಮನೋ, ಯಾವ ಓಣಿಯವನೋ ಎಂದು ತೂಗಿದ ಮೇಲೆ ಮರುಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಸಿಂಹಕ್ಕೆ, ನೀಲಿ ನಾಯಿಗೆ ಓಣಿಯಿಲ್ಲ. ತೂಗುವ ಮೊದಲೇ ಮರುಗಿರುತ್ತೇವೆ.

ಆದರೆ ಜೀವಂತ ಮನುಷ್ಯರಿಗೆ ಮುಖವಾಡದ ಅನುಕೂಲವಿಲ್ಲ. 2020ರ ಜನವರಿ 21ರಂದು ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಒಂದು ಪುಟ್ಟ ನಾಟಕ ಆಡಿದರು. ದೂರು ದಾಖಲಾಗಿ ದೇಶದ್ರೋಹದ ಮೊಕದ್ದಮೆಯಾಯಿತು. ಜನವರಿ 30ರಂದು ಶಾಲೆಯ ಮುಖ್ಯಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಇಬ್ಬರಿಗೂ ಜಾಮೀನು ಸಿಕ್ಕಿದ್ದು ಫೆಬ್ರವರಿ ನಡುವಿನಲ್ಲಿ. ಪೊಲೀಸರು ಹಲವು ದಿನ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ನಾಟಕ ಬರೆದವರು ಯಾರು, ಮಾತು ಕಲಿಸಿದವರು ಯಾರು ಎಂಬುದು ಅವರಿಗೆ ಬೇಕಾಗಿತ್ತು. ಸಮವಸ್ತ್ರದಲ್ಲಿ, ಆಯುಧ ಇಟ್ಟುಕೊಂಡು ಮಕ್ಕಳನ್ನು ಪ್ರಶ್ನಿಸಿದ್ದಕ್ಕೆ 2021ರಲ್ಲಿ ಕರ್ನಾಟಕ ಹೈಕೋರ್ಟು ಆಕ್ಷೇಪಿಸಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಮೊಕದ್ದಮೆಯನ್ನೇ ರದ್ದು ಮಾಡಿತು.

ಕೋರ್ಟು ನ್ಯಾಯ ಕೊಟ್ಟಿತು, ಸಂತೋಷ. ಆದರೆ ಆ ಪ್ರಶ್ನೆಯ ರೂಪ ನೋಡಿ. ವಾಷಿಂಗ್ಟನ್ನಿನ ಸಮಿತಿ ದೊಡ್ಡ ದೊಡ್ಡ ನಾಟಕಕಾರರನ್ನು ಕೇಳಿದ್ದೂ ಇದನ್ನೇ: ನಿನ್ನ ಜೊತೆ ಯಾರಿದ್ದರು, ಹೆಸರು ಹೇಳು. ಒಂಬತ್ತು ಹತ್ತು ವರ್ಷದ ಮಗುವಿಗೆ ಆ ಪ್ರಶ್ನೆ ಕೇಳಿದರೆ ಉತ್ತರದಲ್ಲಿ ಬರುವ ಹೆಸರು ಅಮ್ಮನದು, ಟೀಚರದು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ತನಿಖೆ ಎಂಬ ಹೆಸರಿರಬಹುದು. ಮಗುವಿನ ಪಾಲಿಗೆ ಅದು ತನ್ನವರನ್ನು ಒಪ್ಪಿಸಿಕೊಡುವ ಮೊದಲ ಪಾಠ. ಸರಕಾರಗಳು ನಾಟಕಕ್ಕೆ ಹೆದರುವುದು ಹೊಸದಲ್ಲ. ನಾಟಕಕ್ಕಿಂತ ಹೆಚ್ಚಾಗಿ ಅವು ಮುರಿಯಲು ನೋಡುವುದು ಅದನ್ನು ಆಡಿದವರ ನಡುವಿನ ನಂಬಿಕೆಯನ್ನು. ಸಿಂಹ ಮತ್ತು ಎತ್ತಿನ ನಡುವೆ ನರಿ ಮುರಿದದ್ದೂ ಅದನ್ನೇ.

ಇನ್ನು, ಈ ಕಾಮಿಕ್ಸಿನ ನಾಯಕನ ಖಾಸಗಿ ಬದುಕಿನ ಮಾತು. ನಮ್ಮ ಓದುಗರಲ್ಲಿ ಅನೇಕರಿಗೆ ಇದು ಇರುಸುಮುರುಸು ತರುತ್ತದೆಂದು ನಮಗೆ ಗೊತ್ತು. ಮಸೀದಿಯ ಕಟ್ಟೆಯ ಮೇಲೆ ಈ ಕತೆಯನ್ನು ಹೇಳಿದಾಗ ಹಿರಿಯರೊಬ್ಬರು, "ಅಂಥವನ ಕತಿ ನಮಗ್ಯಾಕ ಬೇಟಾ?" ಎಂದರು. ಪ್ರಾಮಾಣಿಕ ಪ್ರಶ್ನೆ. ಅದಕ್ಕೆ ಉತ್ತರ ಹೇಳದೆ ಈ ಲೇಖನ ಮುಗಿಸಿದರೆ ಅದು ಅರ್ಧ ಲೇಖನ.

ನಮ್ಮ ದೇಶದಲ್ಲಿ ಈ ಕಾಮಿಕ್ಸ್ ಬಂದ 2018ರಲ್ಲೇ, ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಧರ್ಮದ ದೃಷ್ಟಿಯಿಂದ ಒಪ್ಪದವರು ಇದ್ದಾರೆ. ಅದು ಅವರ ನಂಬಿಕೆ. ಆದರೆ ಆ ಸಮಿತಿ ಕೇಳಿದ್ದು ಒಪ್ಪುವ ಬಿಡುವ ಪ್ರಶ್ನೆಯಲ್ಲ. ಅದು ಮಲಗುವ ಕೋಣೆಯ ಬಾಗಿಲಲ್ಲಿ ಗೂಢಚಾರನನ್ನು ನಿಲ್ಲಿಸಿ, ಅಲ್ಲಿ ಕಂಡದ್ದನ್ನು ಹಿಡಿದು ಜನರ ಬಾಯಿ ಮುಚ್ಚಿಸಲು ನೋಡಿತು. ತಜಸ್ಸುಸ್, ಅಂದರೆ ಇನ್ನೊಬ್ಬರ ಗುಟ್ಟನ್ನು ಇಣುಕಿ ನೋಡುವುದನ್ನು ಕುರ್‌ಆನ್ ಸ್ಪಷ್ಟವಾಗಿ ತಡೆದಿದೆ. ಹಜರತ್ ಉಮರರ ಬಗ್ಗೆ ಹೇಳಿಕೊಂಡು ಬಂದ ಒಂದು ಪ್ರಸಂಗವನ್ನು ಅನೇಕರು ಕೇಳಿರುತ್ತಾರೆ. ರಾತ್ರಿ ಗಸ್ತಿನಲ್ಲಿ ಒಂದು ಮನೆಯೊಳಗೆ ಪಾಪ ನಡೆಯುತ್ತಿದೆ ಎಂದು ಅನುಮಾನಿಸಿ ಅವರು ಗೋಡೆ ಹತ್ತಿ ಒಳಗೆ ಇಳಿದರಂತೆ. ಸಿಕ್ಕಿಬಿದ್ದವನು ಹೇಳಿದನಂತೆ: ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು, ಇಣುಕಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿ ಬಂದಿರಿ, ಅನುಮತಿ ಕೇಳದೆ ಸಲಾಂ ಹೇಳದೆ ಒಳಗೆ ಕಾಲಿಟ್ಟಿರಿ. ಖಲೀಫರು ಅವನನ್ನು ಅವನ ಪಾಡಿಗೆ ಬಿಟ್ಟು ಹೊರಬಂದರು. ಪಾಪಿಯ ಮನೆಗೂ ಬಾಗಿಲಿದೆ, ಅದನ್ನು ತಟ್ಟಿಯೇ ಬರಬೇಕು ಎಂಬುದು ನಮ್ಮ ಪರಂಪರೆ ಬಲ್ಲ ಮಾತು.

ನಮಗೆ ನ್ಯಾಯ ಕೇಳುವಾಗ ನಾವು ಸಂವಿಧಾನದ ಮಾತಾಡುತ್ತೇವೆ. ನಮಗೆ ಹಿಡಿಸದವನ ಸರದಿ ಬಂದಾಗ ಅವನ ನಡತೆಯ ಮಾತಾಡಿದರೆ, ನರಿಗೆ ಅಷ್ಟೇ ಸಾಕು. ನಮ್ಮೊಳಗೂ ಸಮಿತಿಗಳು ಕೂತದ್ದುಂಟು. ಹಾಸನದ ಬಾನು ಮುಷ್ತಾಕ್ ಅವರು 2000ದಲ್ಲಿ ಹೆಂಗಸರಿಗೆ ಮಸೀದಿಯಲ್ಲಿ ನಮಾಜಿಗೆ ಅವಕಾಶ ಇರಬೇಕೆಂದು ಹೇಳಿದ್ದಕ್ಕೆ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಇಪ್ಪತ್ತೈದು ವರ್ಷದ ಮೇಲೆ, 2025ರಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅದೇ ಲೇಖಕಿಯನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಅವರು ಮುಸ್ಲಿಂ ಎಂಬ ಕಾರಣಕ್ಕೆ ಇನ್ನೊಂದು ಕಡೆಯವರು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು, ಅವರು ಹೋಗಿ ದೀಪ ಹಚ್ಚಿದರು. ಒಬ್ಬರೇ ಲೇಖಕಿಗೆ ಎರಡು ಓಣಿಗಳಿಂದ ಎರಡು ಸಮನ್ಸ್. ಮೊದಲಿನದಕ್ಕೆ ಸುಮ್ಮನಿದ್ದು ಎರಡನೆಯದಕ್ಕೆ ಮಾತ್ರ ಕೂಗೆಬ್ಬಿಸಿದರೆ ಅದು ನ್ಯಾಯದ ಕೂಗಾಗುವುದಿಲ್ಲ, ಓಣಿಯ ಕೂಗಾಗುತ್ತದೆ.

ಕಟ್ಟೆಯ ಮೇಲಿನ ಹಿರಿಯರಿಗೆ ನಾವು ಕೊಟ್ಟ ಉತ್ತರ ಇಷ್ಟೆ: "ಚಾಚಾ, ಎತ್ತು ಸತ್ತಾಗ ಅದು ಯಾವ ಹಿಂಡಿನದು ಅಂತ ಕೇಳೋ ಕಾಡು, ನಾಳೆ ನಮ್ಮನ್ನೂ ಹಂಗ ಕೇಳತೈತಿ." ಅವರು ಒಪ್ಪಿದರೆಂದು ಹೇಳಲಾರೆವು. ಪುಸ್ತಕ ಕೈಗೆ ತೆಗೆದುಕೊಂಡು ಹಾಳೆ ಮಗುಚಿದರು. ನೀಲಿ ನಾಯಿಯ ಶವಸಂಸ್ಕಾರದ ಕತೆ ಕೇಳಿ, "ಪಾಪ, ಅವನಿಗೆ ತಾಯಿ ಇದ್ದಳೇನು?" ಎಂದರು. ಮನೆಯಲ್ಲಿ ಉರ್ದು ಮಾತಾಡುವ ಅವರು ನಮ್ಮೊಡನೆ ಕನ್ನಡದಲ್ಲೇ ಕೇಳಿದ್ದು ಹಾಗೆ. 'ಅದಕ್ಕೆ' ಎನ್ನಲಿಲ್ಲ.

ಕುರ್‌ಆನಿನಲ್ಲಿ ಹಸು, ಆನೆ, ಜೇನು, ಜೇಡ, ಇರುವೆಗಳ ಹೆಸರಿನ ಅಧ್ಯಾಯಗಳಿವೆ. ಇರುವೆಯ ಅಧ್ಯಾಯದಲ್ಲಿ ಸುಲೈಮಾನರ ಸೈನ್ಯ ಕಣಿವೆಗೆ ಬರುತ್ತದೆ. ಒಂದು ಇರುವೆ ತನ್ನವರಿಗೆ, ಬೇಗ ಮನೆ ಸೇರಿಕೊಳ್ಳಿ, ಈ ಸೈನ್ಯ ಗೊತ್ತಿಲ್ಲದೆಯೇ ತುಳಿದುಬಿಟ್ಟೀತು ಎಂಬ ಅರ್ಥದ ಎಚ್ಚರಿಕೆ ಕೊಡುತ್ತದೆ. ರಾಜನಿಗೆ ಆ ಮಾತು ಕೇಳಿಸುತ್ತದೆ. ಅವನ ಸೈನ್ಯದ ಬಗ್ಗೆ ಭಯ ಹಬ್ಬಿಸಿದ ಮಾತದು. ಬೇರೆ ರಾಜನಾಗಿದ್ದರೆ ಮೊಕದ್ದಮೆಗೆ ಅಷ್ಟೇ ಸಾಕಾಗಿತ್ತು. ಸುಲೈಮಾನರು ನಕ್ಕರು, ತನಗೆ ಕೊಟ್ಟ ಅನುಗ್ರಹಕ್ಕೆ ಕೃತಜ್ಞನಾಗಿರುವ ಬುದ್ಧಿ ಕೊಡೆಂದು ದೇವರನ್ನು ಬೇಡಿಕೊಂಡರು. ನಿನಗೆ ಈ ಮಾತು ಕಲಿಸಿದವರು ಯಾರು ಎಂದು ಇರುವೆಯನ್ನು ಕೇಳಲಿಲ್ಲ.